ಚಿಕ್ಕವೆಂಕಟಮ್ಮನ ಕೈಗುಣ

ಬಂಗಾರಪೇಟೆ ಕಡೆಯ ಆ ಹಳ್ಳಿಯಲ್ಲಿ ಕರುವಿಗೆ ಗೊಟ್ಟದಲ್ಲಿ ಔಷಧಿ ಕುಡಿಸಬೇಕೆಂದರೆ ಚಿಕ್ಕವೆಂಕಟಮ್ಮನೇ ಬರಬೇಕು. ಆ ಬಿದಿರಿನ ಕೊಳವೆಯನ್ನು ಅವಸರದಲ್ಲಿ ಎತ್ತಿದರೆ ಔಷಧಿ ಉಸಿರಿನ ದಾರಿಗೆ ಇಳಿದು, ಕರು ಗೊರಗೊರ ಎನ್ನುತ್ತಾ ಸಾಯುತ್ತದೆ. ಅವಳ ಕೈಯಲ್ಲಿ ಒಂದೂ ಸತ್ತಿರಲಿಲ್ಲ. ಆ ಬಗ್ಗೆ ಅವಳಿಗೆ ಹೆಮ್ಮೆ ತುಸು ಜಾಸ್ತಿಯೇ ಇತ್ತೆನ್ನಿ.

ಈಗ ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ಅವಳ ಗಂಡ ಸೊಣ್ಣಪ್ಪ ಹಾಗೆಯೇ ಗೊರಗೊರ ಉಸಿರಾಡುತ್ತಿದ್ದ. ಕುಡುಗೋಲು ತಗುಲಿದ ಕಾಲಿಗೆ ಅರಿಶಿನ ಮೆತ್ತಿಕೊಂಡು, ಏನೂ ಆಗಲ್ಲ ಎಂದು ಓಡಾಡಿದ ಭೂಪ; ವಾರದೊಳಗೆ ಜ್ವರದಲ್ಲಿ ಬಡಬಡಿಸತೊಡಗಿದ್ದ. ಮಗ ಮುನೇಶ್ ಆಟೋ ತರಲು ಹೋದಾಗ, ಖಾಲಿ ಹೊಟ್ಟೆಯಲ್ಲಿ ಹೊರಡಬಾರದೆಂದು ಇವಳು ಗಂಡನ ತಲೆ ಎತ್ತಿ ರಾಗಿ ಗಂಜಿ ಕುಡಿಸಿದ್ದಳು. ಅವನು ಕೆಮ್ಮಿದ್ದ. ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ನರ್ಸ್ ಹೇಳಿದ್ದೇ ತಡ, ಅವಳಿಗೆ ಎಲ್ಲ ಅರ್ಥವಾಗಿಹೋಯಿತು. ಊರಿನ ಕರುಗಳನ್ನೆಲ್ಲ ಉಳಿಸಿದ ಕೈ ಗಂಡನನ್ನು ಮುಳುಗಿಸಿತ್ತು.

ಅವಳು ಹಾಸಿಗೆಯ ಹತ್ತಿರ ಸುಳಿಯಲಿಲ್ಲ. ಬಾಗಿಲಾಚೆ ಗೋಡೆಗೊರಗಿ ಕೂತವಳು ಮುನೇಶ್ ಎಷ್ಟು ಕರೆದರೂ ಏಳಲಿಲ್ಲ. ಡಾಕ್ಟರ್ ಅರ್ಚನ ಹೊರಗೆ ಬಂದಾಗ ಮಾತ್ರ ಬಾಯಿಬಿಟ್ಟಳು.

"ನನ್ನಿಂದ್ಲೇ ಇಂಗಾಗಿದ್ದು ಕಣಮ್ಮ. ಗಂಜಿ ಕುಡಿಸ್ದೆ, ಉಸಿರಿಗೆ ಓಯ್ತು."

ಡಾಕ್ಟರ್ ನಗಲಿಲ್ಲ. ಪಕ್ಕದಲ್ಲಿ ನೆಲದ ಮೇಲೇ ಕೂತು ಬಿಡಿಸಿ ಹೇಳಿದರು. ಗಾಯದ ನಂಜು ರಕ್ತಕ್ಕೆ ಸೇರಿ ಗುಂಡಿಗೆಯನ್ನು ಸೋಲಿಸಿದೆ. ಸ್ಕ್ಯಾನಿನಲ್ಲಿ ಅದು ನಿತ್ರಾಣವಾಗಿ ಮಿಡಿಯುವುದನ್ನು ತಾವೇ ನೋಡಿದ್ದಾರೆ. ಬಿಪಿ ಬಿದ್ದಿದ್ದರಿಂದ ಸಲೈನ್ ಕೊಡಲೇಬೇಕಿತ್ತು. ಅಷ್ಟನ್ನು ಮುಂದಕ್ಕೆ ತಳ್ಳಲು ಗುಂಡಿಗೆಗೆ ಶಕ್ತಿ ಸಾಲಲಿಲ್ಲ, ನಂಜಿಗೆ ರಕ್ತನಾಳಗಳೂ ಸಡಿಲವಾಗಿವೆ, ನೀರು ಶ್ವಾಸಕೋಶಕ್ಕೆ ಜಿನುಗಿದೆ. ನಂಜು ಇಳಿದರೆ ಗುಂಡಿಗೆ ಚೇತರಿಸಿಕೊಳ್ಳಬಹುದು. ಉಳಿಯುತ್ತಾರೆಂದು ಈಗಲೇ ಮಾತು ಕೊಡಲಾರೆ, ಆದರೆ ಇದು ನಿಮ್ಮ ಗಂಜಿಯಿಂದ ಆದದ್ದಲ್ಲ ಎಂದರು.

ಚಿಕ್ಕವೆಂಕಟಮ್ಮ ತಲೆಯಾಡಿಸಿದಳು. ನಂಬಲಿಲ್ಲ.

ದಿನಗಳು ಕಳೆದವು. ನಂಜು ಇಳಿಯಿತು, ಮೂತ್ರ ಹೋಗುವ ಔಷಧಿಗೆ ಎದೆಯ ನೀರೂ ಇಳಿಯಿತು, ಆಮ್ಲಜನಕದ ಮಾಸ್ಕ್ ತೆಗೆದರು. ಇನ್ನು ಸ್ವಲ್ಪ ಸ್ವಲ್ಪವಾಗಿ ಗಂಜಿ ಕುಡಿಸಬಹುದು ಎಂದು ಅರ್ಚನ ಹೇಳಿದಾಗ, ಅವಳು ಬಟ್ಟಲನ್ನು ಮಗನ ಕೈಗೆ ದಾಟಿಸಿ ಬಾಗಿಲಿಗೆ ಸರಿದಳು. ಸೊಣ್ಣಪ್ಪ ಮಗನ ಚಮಚಕ್ಕೆ ಬಾಯಿ ತೆರೆಯಲಿಲ್ಲ.

"ಯಾಕೆ ಅಲ್ಲೇ ನಿಂತ್ಕಂಡೆ? ನೀನೇ ಕುಡಿಸು ಬಾ."

"ನನ್ ಕೈ ಬ್ಯಾಡ. ಅವತ್ತು ಕುಡಿಸಿದ್ದೇ ಸಾಕು."

ಅವನು ಉಸಿರು ಸುಧಾರಿಸಿಕೊಂಡ. "ಅವತ್ತಿಂದು ಏನೂ ಗ್ಯಾಪ್ಕ ಇಲ್ಲ ಕಣೆ. ಆಟೋ ಗೊತ್ತಿಲ್ಲ, ಆಸ್ಪತ್ರೆ ಗೊತ್ತಿಲ್ಲ. ನಿನ್ ಗಂಜಿ ಒಂದು ಗ್ಯಾಪ್ಕ ಐತೆ. ಬೆಚ್ಚಗಿತ್ತು."

ಅವಳಿಗೆ ಅಳು ಉಕ್ಕಿ ಬಂತು. ಅಳುತ್ತಲೇ ಬಂದು ಅವನನ್ನು ನೆಟ್ಟಗೆ ಕೂರಿಸಿ, ಬೆನ್ನಿಗೆ ಕೈಕೊಟ್ಟಳು. ಮೊದಲ ಚಮಚ ಅವನ ಗಂಟಲು ದಾಟುವವರೆಗೆ ಅವಳೂ ಉಸಿರು ಬಿಡಲಿಲ್ಲ.