ಹನ್ನೊಂದು ಗಂಟೆಯ ಪಟ್ಟಿ

ದಿನಕ್ಕೆ ಇನ್ನೂರು ಸುದ್ದಿ ಓದುವವಳಿಗೆ ಚಿತ್ರಗಳ ಮೇಲೆ ಸಿಟ್ಟು ಬಾರದೆ ಇರುವುದಿಲ್ಲ. ಯಾವುದೇ ಸುದ್ದಿ ತೆರೆಯಿರಿ, ಮೇಲಿನಿಂದ ಚಿನ್ನದಂಗಡಿಯ ಜಾಹೀರಾತು ಇಳಿಯುತ್ತದೆ, ಕೆಳಗಿನಿಂದ ಕಾಲೇಜಿನ ಸೀಟು ಏಳುತ್ತದೆ, ನಡುವೆ ಯಾರೋ ಕುಣಿಯಲು ಶುರು ಮಾಡುತ್ತಾರೆ. ಸುದ್ದಿಯನ್ನು ಹುಡುಕುವಷ್ಟರಲ್ಲಿ ಕಣ್ಣು ಉರಿಯುತ್ತದೆ. ಅದಕ್ಕೇ ನಾನು ಅವನ್ನೆಲ್ಲ ಕಿತ್ತು ಹಾಕಿದ್ದೆ. ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಒಂದು ಕಪ್ಪು ಪರದೆ ಮತ್ತು ಅದರ ಮೇಲೆ ಬಿಳಿ ಅಕ್ಷರ.

ಕಾಪುವಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡುವಾಗ ಕಲಿತ ನಾಲ್ಕೈದು ಆಜ್ಞೆಗಳಿಂದಲೇ ನಾನು ಅದನ್ನು ಜೋಡಿಸಿದ್ದು. ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಅದು ಜಿಲ್ಲೆಯ ಅರುವತ್ತು ಸುದ್ದಿತಾಣಗಳಿಗೆ ಹೋಗಿ ಬರೀ ಬರಹವನ್ನು ಹೆಕ್ಕಿಕೊಂಡು ಬರುತ್ತಿತ್ತು. ಒಂದು ಸುದ್ದಿಗೆ ಒಂದು ಫೈಲು. ಅದೇ ಸುದ್ದಿ ಬದಲಾಗಿ ಬಂದರೆ ಹಳೆಯದನ್ನು ಅಳಿಸದೆ ಎರಡನ್ನೂ ಇಟ್ಟುಕೊಂಡು, ಹೋದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಹೊಸ ಸಾಲಿನ ಮುಂದೆ ಕೂಡಿಸುವ ಚಿಹ್ನೆ ಹಾಕಿ ತೋರಿಸುತ್ತಿತ್ತು. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೇ ಇತ್ತು.

ಆಫೀಸು ಬನ್ನಂಜೆಯಲ್ಲಿ, ಎರಡನೇ ಮಾಳಿಗೆಯಲ್ಲಿ. ಯಜಮಾನ ರಿತೇಶ್, ನನಗಿಂತ ಹದಿಮೂರು ವರ್ಷ ಚಿಕ್ಕವನು. ಆಸ್ಪತ್ರೆ, ಗೇರುಬೀಜದ ಕಾರ್ಖಾನೆ, ಅಪಾರ್ಟ್‌ಮೆಂಟ್ ಕಟ್ಟುವವರು, ಇವರಿಗೆಲ್ಲ ಪ್ರಚಾರ ಮಾಡಿಕೊಡುವುದು ನಮ್ಮ ಉದ್ಯೋಗ. ಈ ಗಿರಾಕಿಗಳ ಹೆಸರು ಬಂದ ಸುದ್ದಿಗಳನ್ನು ವಿಂಗಡಿಸುವುದು ನನ್ನ ಪಾಲಿನ ಕೆಲಸ. ಹೊಗಳಿದ್ದರೆ ‘ಪರ’, ತೆಗಳಿದ್ದರೆ ‘ವಿರೋಧ’, ಎರಡೂ ಅಲ್ಲದಿದ್ದರೆ ‘ಸಾಮಾನ್ಯ’. ‘ವಿರೋಧ’ ಎಂದು ಗುರುತಿಸಿದರೆ ಯಾವ ಸಾಲು ವಿರೋಧ ಎಂಬುದನ್ನೂ ಕೆಳಗೆ ನಕಲು ಮಾಡಬೇಕು. ಹನ್ನೊಂದು ಗಂಟೆಗೆ ಪಟ್ಟಿ ರಿತೇಶನಿಗೆ ಹೋಗಬೇಕು. ಆಮೇಲೆ ಅದು ಏನಾಗುತ್ತದೆ ಎಂದು ನಾನು ಕೇಳಿದವಳಲ್ಲ. ಸಂಬಳ ಬರುತ್ತಿತ್ತು, ನಾಲ್ಕೂವರೆಯ ಕಾಪು ಬಸ್ಸು ಸಿಗುತ್ತಿತ್ತು.

ಜೂನ್ ಮೊದಲ ಸೋಮವಾರ ಕಾರ್ಕಳದ ಒಂದು ಸಣ್ಣ ಸುದ್ದಿತಾಣದಿಂದ ಬಂದ ಬರಹ ಹೀಗಿತ್ತು. ಮಣಿಪಾಲದಲ್ಲಿ ಅಪಾರ್ಟ್‌ಮೆಂಟಿಗಾಗಿ ಕಡಿದ ಗುಡ್ಡ ಬೆಳಗಿನ ಜಾವ ಕುಸಿದು ಮೂವರು ಕಾರ್ಮಿಕರು ಮಣ್ಣಿನಡಿ ಸಿಲುಕಿದ್ದಾರೆ. ಇಬ್ಬರನ್ನು ಜೊತೆಯವರೇ ಹೊರಗೆ ಎಳೆದಿದ್ದಾರೆ. ಅದರ ಮುಂದಿನ ಸಾಲು ನನಗೆ ಇವತ್ತಿಗೂ ಬಾಯಿಪಾಠ: “ಮೂರನೆಯವರಾದ ತಿಮ್ಮಣ್ಣ ಅವರ ಕೂಗು ಮಣ್ಣಿನಡಿಯಿಂದ ಕೇಳಿಸುತ್ತಿತ್ತು ಎಂದು ಗಾಯಾಳು ಸಿದ್ದಣ್ಣ ತಿಳಿಸಿದ್ದಾರೆ.”

ಕಟ್ಟಡದವರು ನಮ್ಮ ಗಿರಾಕಿ. ‘ವಿರೋಧ’ ಎಂದು ಬರೆದೆ. ಆ ಸಾಲನ್ನು ನಕಲು ಮಾಡಿ ಕೆಳಗೆ ಅಂಟಿಸಿದೆ. ಹನ್ನೊಂದಕ್ಕೆ ಪಟ್ಟಿ ಕಳಿಸಿ ಚಹಾ ಕುಡಿದೆ.

ಎರಡು ಗಂಟೆಗೆ ಅದೇ ಸುದ್ದಿ ಮತ್ತೆ ಬಂತು. ಆ ಸಾಲಿನ ಮುಂದೆ ಕಳೆಯುವ ಚಿಹ್ನೆ ಇತ್ತು. ‘ಮೂವರು’ ಹೋಗಿ ‘ಇಬ್ಬರು’ ಬಂದಿತ್ತು, ಕೊನೆಯಲ್ಲಿ ‘ಸಣ್ಣಪುಟ್ಟ ಗಾಯ’ ಎಂದು ಸೇರಿತ್ತು. ಪಾಪ, ಬರೆದವನು ಅವಸರದಲ್ಲಿ ತಪ್ಪು ಮಾಡಿ ಆಮೇಲೆ ತಿದ್ದಿಕೊಂಡಿದ್ದಾನೆ ಎಂದುಕೊಂಡೆ. ದೇವರು ದೊಡ್ಡವನು, ಯಾರೂ ಸಾಯಲಿಲ್ಲ ಎಂದು ಸಮಾಧಾನವೂ ಆಯಿತು.

ಗುರುವಾರ ಸಂಜೆ ಬನ್ನಂಜೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಇಳಕಲ್ ಸೀರೆಯ ಹೆಂಗಸೊಬ್ಬಳು ಮೊಬೈಲು ಹಿಡಿದುಕೊಂಡು ಒಬ್ಬೊಬ್ಬರ ಹತ್ತಿರವೂ ಹೋಗುತ್ತಿದ್ದಳು. ಜನ ಚಿಲ್ಲರೆ ಇಲ್ಲ ಎನ್ನುವ ಹಾಗೆ ಕೈಯಾಡಿಸುತ್ತಿದ್ದರು. ಅವಳು ಬೇಡುತ್ತಿರಲಿಲ್ಲ. ನನ್ನ ಬಳಿ ಬಂದು ಮೊಬೈಲನ್ನು ನನ್ನ ಕೈಯಲ್ಲೇ ಇಟ್ಟಳು.

“ಅಕ್ಕಾರ, ಇದನ್ನ ಒಂಚೂರು ಓದಿ ಹೇಳ್ರಿ. ನನಗ ಓದಾಕ ಬರಂಗಿಲ್ಲ. ನಮ್ಮನಿಯವ್ರ ಹೆಸರು ಐತೇನ್ರಿ ಅದರಾಗ? ತಿಮ್ಮಣ್ಣ ಅಂತ.”

ಪರದೆಯ ಮೇಲೆ ಚಿನ್ನದಂಗಡಿ ಇಳಿಯಿತು. ಅದನ್ನು ಸರಿಸಿದರೆ ಕೆಳಗೆ ಕಾರ್ಕಳದ ಅದೇ ಸುದ್ದಿ.

ಅವಳ ಹೆಸರು ಯಮನವ್ವ. ತಂಗಿಯ ಹೆರಿಗೆಗೆಂದು ಬಾಗಲಕೋಟೆ ಕಡೆಯ ಊರಿಗೆ ಹೋಗಿದ್ದಳಂತೆ. ಸೋಮವಾರ ಸಿದ್ದಣ್ಣ ಆಸ್ಪತ್ರೆಯಿಂದ ಫೋನ್ ಮಾಡಿ, ನಿನ್ನ ಗಂಡ ಒಳಗೇ ಇದ್ದಾನೆ, ಪೇಪರಿನಲ್ಲೂ ಬಂದಿದೆ ಎಂದು ಹೇಳಿ ಅದರ ಲಿಂಕನ್ನೂ ಕಳಿಸಿದನಂತೆ. ಆಮೇಲೆ ಸಿದ್ದಣ್ಣನ ಫೋನೂ ಬಂದ್. ಇಲ್ಲಿಗೆ ಬಂದು ನೋಡಿದರೆ ಗುಡ್ಡದ ಸುತ್ತ ತಗಡು ಹೊಡೆದಿದ್ದಾರೆ. ಮೇಸ್ತ್ರಿಯನ್ನು ಕೇಳಿದರೆ, ತಿಮ್ಮಣ್ಣ ಭಾನುವಾರವೇ ಕೆಲಸ ಬಿಟ್ಟು ಗೋವಾಕ್ಕೆ ಹೋದ ಎನ್ನುತ್ತಾನೆ.

“ನನಗ ಹೇಳದ ಎಲ್ಲಿಗೂ ಹೋಗಾಂವ ಅಲ್ರೀ ಅಂವಾ. ಪೇಪರ್‌ದಾಗ ಏನೈತಿ ಅಷ್ಟ ಹೇಳ್ರಿ. ಐತಿ ಅಂದ್ರ ಠಾಣೇಕ್ಕ ಹೋಗ್ತೀನಿ. ಇಲ್ಲಂದ್ರ ಗೋವಾಕ್ಕ ಹೋಗಿ ಹುಡುಕ್ತೀನಿ.”

ನಾನು ಓದಿದೆ. ಇದ್ದದ್ದನ್ನು ಇದ್ದ ಹಾಗೇ ಓದಿದೆ. “ಇಬ್ಬರು ಅಂತ ಉಂಟಮ್ಮ. ಸಣ್ಣಪುಟ್ಟ ಗಾಯ ಅಂತ. ತಿಮ್ಮಣ್ಣ ಅಂತ ಹೆಸರಿಲ್ಲ.”

“ಮತ್ತೊಮ್ಮೆ ನೋಡ್ರಿ.”

ಮತ್ತೊಮ್ಮೆ ನೋಡಿದೆ. ಇಲ್ಲ ಎಂದೆ. ಅಷ್ಟರಲ್ಲಿ ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ನೋಡಿದರೆ ಅವಳು ಮೊಬೈಲನ್ನು ಇನ್ನೊಬ್ಬರ ಕೈಗೆ ಕೊಡುತ್ತಿದ್ದಳು. ಸುಳ್ಳು ಹೇಳಲಿಲ್ಲವಲ್ಲ ಎಂದು ಕಾಪುವಿನವರೆಗೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಶುಕ್ರವಾರ ಎಂಟು ಗಂಟೆಗೇ ಆಫೀಸಿಗೆ ಹೋದೆ, ಯಾರೂ ಬಂದಿರಲಿಲ್ಲ. ಹೋದ ಒಂದು ವರ್ಷದಲ್ಲಿ ನಾನು ‘ವಿರೋಧ’ ಎಂದು ಗುರುತಿಸಿದ ಫೈಲುಗಳನ್ನೆಲ್ಲ ಹೊರಗೆ ತೆಗೆದೆ. ನಲವತ್ತೊಂದು ಇದ್ದವು. ಅದೇ ಸುದ್ದಿಗಳನ್ನು ಈಗ ಇರುವ ಹಾಗೆ ಮತ್ತೆ ತರಿಸಿ ಪಕ್ಕದಲ್ಲಿಟ್ಟು ಹೋಲಿಸಿದೆ. ಪರದೆ ಉರುಳುತ್ತಾ ಹೋಯಿತು, ಎಲ್ಲ ಕಡೆಯೂ ಕಳೆಯುವ ಚಿಹ್ನೆ. ಒಂದೊಂದಾಗಿ ಕಂಡಾಗ ಅವನ್ನೆಲ್ಲ ಬರೆದವರ ತಿದ್ದುಪಡಿ ಎಂದೇ ದಾಟಿಕೊಂಡು ಹೋಗಿದ್ದೆ. ಆಸ್ಪತ್ರೆಯಲ್ಲಿ ಬಾಣಂತಿಗೆ ಕೊಟ್ಟ ತಪ್ಪು ಇಂಜೆಕ್ಷನ್ನಿನ ಸಾಲು ಇರಲಿಲ್ಲ. ಕಾರ್ಖಾನೆಯ ಕೊಳೆ ನೀರನ್ನು ತೋಡಿಗೆ ಬಿಟ್ಟ ಸಾಲೂ ಇರಲಿಲ್ಲ. ನಲವತ್ತೊಂದರಲ್ಲಿ ಮೂವತ್ತೆಂಟು ಬದಲಾಗಿದ್ದವು. ಹೋಲಿಸಿ ನೋಡೋಣ ಎಂದು ‘ಸಾಮಾನ್ಯ’ದ ನೂರು ಸುದ್ದಿಗಳನ್ನು ತರಿಸಿದೆ. ಅವುಗಳಲ್ಲಿ ಒಂದು ಅಕ್ಷರವೂ ಅಲ್ಲಾಡಿರಲಿಲ್ಲ.

ಹೋದದ್ದು ಬೇರೆ ಯಾವ ಸಾಲೂ ಅಲ್ಲ, ನಾನು ನಕಲು ಮಾಡಿ ಅಂಟಿಸಿದ ಸಾಲುಗಳೇ. ಇಷ್ಟು ದಿನ ನಾನು ಓದಿ ವಿಂಗಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ನಾನು ಮಾಡುತ್ತಿದ್ದದ್ದು ಯಾವ ಮರ ಕಡಿಯಬೇಕು ಎಂದು ಸುಣ್ಣ ಹಚ್ಚಿ ಬರುವವನ ಕೆಲಸ.

ಕಾರ್ಕಳದ ಆ ಸುದ್ದಿತಾಣವನ್ನು ನಡೆಸುವ ದೇವದಾಸರಿಗೆ ಫೋನ್ ಮಾಡಿ, ರಿತೇಶನ ಆಫೀಸಿನ ಲೊರ್ನಾ ಎಂದೆ. ನಿವೃತ್ತ ಮಾಸ್ಟರು, ಒಬ್ಬರೇ ಓಡಾಡಿ ಬರೆಯುವವರು.

“ಸೋಮವಾರದ ಸುದ್ದಿಯಲ್ಲಿ ಮೊದಲು ಮೂವರು ಅಂತ ಬರೆದಿದ್ದಿರಿ, ಅಲ್ವಾ ಸರ್?”

“ನೀವು ಅದನ್ನು ಎಲ್ಲಿ ನೋಡಿದ್ದು? ಅದು ಮೂರು ಗಂಟೆ ಹೊತ್ತು ಕೂಡ ಇರಲಿಲ್ಲ ಮಾರಾಯ್ರೆ.”

“ನನ್ನಲ್ಲಿ ಉಂಟು. ಯಾಕೆ ತೆಗೆದಿರಿ?”

“ನನ್ನನ್ನು ಕೇಳ್ತೀರಾ ಲೊರ್ನಾ ಬಾಯಿ? ನಿಮ್ಮ ಆಫೀಸಿನಿಂದಲೇ ಬಂತಲ್ಲ, ಹನ್ನೊಂದೂಕಾಲಿಗೆ. ಈ ಸಾಲು ತೆಗೆಯಿರಿ ಅಂತ. ನನಗೆ ಜಾಹೀರಾತು ಕೊಡುವುದು ರಿತೇಶ್ ಒಬ್ಬನೇ. ತೆಗೆದೆ.”

“ಸಿದ್ದಣ್ಣ ಸುಳ್ಳು ಹೇಳಿದ್ದಿರಬಹುದಾ?”

“ಆಸ್ಪತ್ರೆಯ ಗೇಟಿನಲ್ಲಿ ನನ್ನ ಕಾಲು ಹಿಡಿದ. ಒಳಗೆ ಕೂಗ್ತಾ ಇದ್ದಾನೆ, ಯಾರನ್ನಾದರೂ ಕಳಿಸಿ ಅಂತ. ಸುಳ್ಳು ಹೇಳುವ ಮುಖ ಅಲ್ಲ ಅದು.” ಆಮೇಲೆ ದನಿ ತಗ್ಗಿಸಿ, “ನಿಮ್ಮಲ್ಲಿ ಇರುವುದನ್ನು ಅಳಿಸಿ. ನನಗೂ ಮನೆ ಉಂಟು,” ಎಂದು ಫೋನ್ ಇಟ್ಟರು.

ಸೋಮವಾರದ ಆ ಒಂದು ಫೈಲನ್ನು ಪ್ರಿಂಟ್ ಹಾಕಿ ಮಡಚಿ ಊಟದ ಚೀಲದಲ್ಲಿ, ಡಬ್ಬಿಯ ಅಡಿಗೆ ಇಟ್ಟೆ. ಹತ್ತು ನಿಮಿಷ ಆಗಿರಲಿಲ್ಲ, ರಿತೇಶ್ ಬಂದ. ಅವನು ಹತ್ತು ಗಂಟೆಗೆ ಮೊದಲು ಬರುವವನೇ ಅಲ್ಲ. ಕುರ್ಚಿ ಎಳೆದುಕೊಂಡು ನನ್ನ ಹಿಂದೆಯೇ ಕೂತ.

“ಲೊರ್ನಾ ಮೇಡಂ, ನಿಮ್ಮಲ್ಲಿ ಹಳೇ ಕಾಪಿ ಎಲ್ಲ ಉಂಟಂತೆ? ದೇವದಾಸ ಮಾಸ್ಟರು ಹೇಳಿದರು. ನನಗೆ ಗೊತ್ತೇ ಇರಲಿಲ್ಲ ನೋಡಿ.” ಅವನ ದನಿ ಎಂದಿನಂತೆ ಮೆತ್ತಗಿತ್ತು. “ಎಂತಕ್ಕೆ ಅದೆಲ್ಲ? ಕ್ಲೀನ್ ಮಾಡಿಬಿಡಿ. ಈಗಲೇ.”

“ಸರ್, ಸೋಮವಾರದ ಆ ಮೂರನೆಯವ...”

“ಅವ ಗೋವಾದಲ್ಲಿ ಇದ್ದಾನೆ. ನಾಳೆ ಬೆಳಿಗ್ಗೆ ಎಂಟಕ್ಕೆ ಅಲ್ಲಿ ತಡೆಗೋಡೆಗೆ ಕಾಂಕ್ರೀಟ್ ಹಾಕ್ತಾರೆ. ಒಮ್ಮೆ ಹಾಕಿದರೆ ಗುಡ್ಡದ ತಲೆಬಿಸಿ ಮುಗಿಯಿತು, ಅಲ್ವಾ?” ಆಮೇಲೆ ಅದೇ ದನಿಯಲ್ಲಿ, “ನಿಮ್ಮ ಬ್ರ್ಯಾಂಡನ್ ಹೇಗಿದ್ದಾರೆ? ಅದೇ ಕಟ್ಟಡ ಕಂಪನಿಯ ವಯರಿಂಗ್ ಕೆಲಸ ಅವರದ್ದಲ್ವಾ? ಒಳ್ಳೆಯ ಕೆಲಸಗಾರ,” ಎಂದ.

ಬ್ರ್ಯಾಂಡನ್ ನನ್ನ ಗಂಡ. ರಿತೇಶ್ ಅವನ ಕ್ಷೇಮ ಕೇಳಿದ್ದು ಅದೇ ಮೊದಲು. ಬಿಲ್ ಕೊಟ್ಟ ಹಾಗೆ ಕೇಳಿದ. ಅರ್ಥವಾಗಬೇಕಾದದ್ದು ನನಗೆ ಅರ್ಥವಾಯಿತು.

ಅಳಿಸುವ ಆಜ್ಞೆಗೆ ಎರಡೇ ಅಕ್ಷರ. ಅವನು ನೋಡುತ್ತಿದ್ದ ಹಾಗೆಯೇ ಒತ್ತಿದೆ. ನಿಜವಾಗಿಯೂ ಅಳಿಸಲೇ ಎಂದು ನನ್ನ ಯಂತ್ರ ಕೇಳುವುದಿಲ್ಲ, ಕೇಳಿ ತಲೆ ತಿನ್ನಬಾರದು ಎಂದು ನಾನೇ ಹಾಗೆ ಮಾಡಿಟ್ಟಿದ್ದೆ. ವರ್ಷದ ಫೈಲುಗಳೆಲ್ಲ ಹೋದವು. ರಿತೇಶ್ ನನ್ನ ಹೆಗಲು ತಟ್ಟಿ, “ಗುಡ್. ಹನ್ನೊಂದಕ್ಕೆ ಪಟ್ಟಿ ಕಳಿಸಿ,” ಎಂದು ಎದ್ದು ಹೋದ.

ಹನ್ನೊಂದಕ್ಕೆ ನಾನು ಪಟ್ಟಿ ಕಳಿಸಲಿಲ್ಲ. ಊಟದ ಚೀಲ ತೆಗೆದುಕೊಂಡು ಮೆಟ್ಟಿಲಿಳಿದೆ. ಯಮನವ್ವ ಗೋವಾ ಬಸ್ಸು ಹತ್ತಿರಬಾರದು ದೇವರೇ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಅವಳು ನಿಲ್ದಾಣದ ಬೆಂಚಿನಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಸ್ಸು ಹನ್ನೆರಡಕ್ಕೆ ಎಂದಳು.

“ಹೋಗಬೇಡ. ನನ್ನ ಜೊತೆ ಠಾಣೆಗೆ ಬಾ,” ಎಂದೆ.

ಠಾಣೆಯಲ್ಲಿ ಎಸ್ಸೈ ಒಬ್ಬರು ಹೆಂಗಸು. ನನ್ನ ಹಾಳೆಯನ್ನು ಎರಡು ಸಲ ಓದಿದರು. ಮೊಬೈಲಿನಲ್ಲಿ ಅದೇ ಸುದ್ದಿ ತೆರೆದು ಹೋಲಿಸಿದರು. ಮೊಬೈಲಿನಲ್ಲಿ ಸುದ್ದಿತಾಣದ ಹೆಸರು, ತಾರೀಕು, ಫೋಟೋ ಎಲ್ಲವೂ ಇದ್ದವು. ನನ್ನ ಹಾಳೆಯಲ್ಲಿ ಅಕ್ಷರ ಬಿಟ್ಟರೆ ಏನೂ ಇರಲಿಲ್ಲ.

“ಇದನ್ನು ಯಾರು ಬೇಕಾದರೂ ಟೈಪ್ ಮಾಡಬಹುದಲ್ವಾ ಮೇಡಂ?” ಅವರು ವ್ಯಂಗ್ಯವಾಗಿ ಕೇಳಲಿಲ್ಲ. “ಒಂದು ಹಾಳೆ ಹಿಡಿದುಕೊಂಡು ನಾನು ನಾಳೆಯ ಕಾಂಕ್ರೀಟ್ ಕೆಲಸ ನಿಲ್ಲಿಸುವುದು ಹೇಗೆ? ಇದು ಸೋಮವಾರ ಇತ್ತು, ಆಮೇಲೆ ತೆಗೆದರು ಅಂತ ಹೇಳುವವರು ಯಾರಾದರೂ ಇದ್ದಾರಾ?”

ಯಮನವ್ವ ನನ್ನ ಮುಖ ನೋಡಿದಳು. ಬ್ರ್ಯಾಂಡನ್, ಅವನ ಏಣಿ, ವಯರಿನ ಸುರುಳಿಗಳು, ಅರ್ಧ ಮುಗಿದ ನಮ್ಮ ಮನೆ ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು.

“ನಾನು ಇದ್ದೇನೆ,” ಎಂದೆ. “ತೆಗೆಯಬೇಕಾದ ಸಾಲು ಯಾವುದು ಅಂತ ಗುರುತು ಹಾಕಿ ಕೊಟ್ಟದ್ದು ನಾನೇ. ಬರೆದುಕೊಳ್ಳಿ, ಸಹಿ ಹಾಕ್ತೇನೆ.”

ಮೂರು ಪುಟವಾಯಿತು. ಪ್ರತಿ ಪುಟಕ್ಕೂ ಸಹಿ ಹಾಕಿದೆ. ನಡುವೆ ರಿತೇಶನ ಫೋನು ಏಳು ಸಲ ಬಂತು. ಆಮೇಲೆ ಬ್ರ್ಯಾಂಡನ್ನನದು ಒಮ್ಮೆ.

ಶನಿವಾರ ಎಂಟಕ್ಕೆ ನಾವು ಮಣಿಪಾಲದ ಆ ಗುಡ್ಡಕ್ಕೆ ತಲುಪಿದಾಗ ಕಾಂಕ್ರೀಟಿನ ಲಾರಿ ಗೇಟಿನ ಹೊರಗೆ ಗುರುಗುಡುತ್ತಾ ನಿಂತಿತ್ತು. ಒಳಗೆ ಎಸ್ಸೈ, ಅಗ್ನಿಶಾಮಕದವರು, ಒಂದು ಜೆಸಿಬಿ. ಕೆಂಪು ಮಣ್ಣಿನ ರಾಶಿಯನ್ನು ಯಾರೋ ಆಗಲೇ ಸಮಮಾಡಿ, ಮೇಲೆ ಕಬ್ಬಿಣದ ಸರಳು ಹೆಣೆದು ಮುಗಿಸಿದ್ದರು. ಸರಳುಗಳನ್ನು ಕತ್ತರಿಸಿ ಎತ್ತಿ ಪಕ್ಕಕ್ಕಿಟ್ಟರು. ಜೆಸಿಬಿ ಅಗೆಯಲು ಶುರು ಮಾಡಿತು.

ಯಮನವ್ವ ನನ್ನ ಕೈ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಕೇಳಿದಳು.

“ಅಕ್ಕಾರ, ಬಸ್ ಸ್ಟ್ಯಾಂಡಿನಾಗ ಓದಿ ಹೇಳಿದ್ರಲ್ಲ, ಅವತ್ತ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

ಅವಳು ತಲೆಯಾಡಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ಸೋಮವಾರ ನೀವು ಮೊದಲ ಓದಿದಾಗ, ಅಂವಾ ಇನ್ನಾ ಕೂಗಾಕತ್ತಿದ್ನಾ?”

ಒಂಬತ್ತಕ್ಕೆ ಓದಿದೆ. ಹನ್ನೊಂದಕ್ಕೆ ಕಳಿಸಿದೆ. ಎರಡಕ್ಕೆ ಆ ಸಾಲು ಇರಲಿಲ್ಲ. ನಡುವಿನ ಹೊತ್ತಿನಲ್ಲಿ ಯಾರಿಗಾದರೂ ಒಂದು ಫೋನ್ ಮಾಡಬಹುದಿತ್ತು. ನಾನು ಚಹಾ ಕುಡಿದಿದ್ದೆ.

“ಹೌದು,” ಎಂದೆ.

ಗುಂಡಿಯಲ್ಲಿದ್ದವನೊಬ್ಬ ಕೈ ಎತ್ತಿದ. ಜೆಸಿಬಿಯ ಸದ್ದು ನಿಂತಿತು. ಯಮನವ್ವ ನನ್ನ ಕೈ ಬಿಟ್ಟು ಆ ಕಡೆ ಒಬ್ಬಳೇ ನಡೆದಳು.