ಸಿಲಿಂಡರ್ ನಿಂತಿರಲಿ, ಸೈಕಲ್ ಓಡಲಿ

ಹಬ್ಬಕ್ಕೆ ಹೊಳೆಗೆ ಹೊರಡುವುದೆಂದರೆ ನಮ್ಮ ಕಡೆ ಅರ್ಧ ಮನೆಯೇ ಹೊರಟಂತೆ. ಕುರುಗೋಡಿನ ಬಟ್ಟೆ ಅಂಗಡಿ ಗಾದಿಲಿಂಗಪ್ಪನವರ ಮನೆಯಲ್ಲೂ ಭೋಗಿಯ ಬೆಳಗ್ಗೆ ಅದೇ ಗದ್ದಲ. ಸಜ್ಜೆ ರೊಟ್ಟಿಯ ಗಂಟು, ಎಣ್ಣೆಗಾಯಿ ಡಬ್ಬಿ, ಶೇಂಗಾ ಹೋಳಿಗೆ, ಕೌದಿ, ದಿಂಬು, ಗುಡಾರ ಎಲ್ಲವೂ ಅಂಗಳಕ್ಕೆ ಬಂದು ಕೂತಿದ್ದವು.

ಪ್ರತಿ ವರ್ಷ ಗಂಡ ಹೆಂಡತಿ ಸಂಕ್ರಾಂತಿಗೆ ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯಲ್ಲಿ ಮಿಂದು, ಬುತ್ತಿ ಉಂಡು ಸಂಜೆಗೆ ಮನೆ ಸೇರುತ್ತಿದ್ದರು. ಈ ಸಲ ಹಿಂದಿನ ದಿನವೇ ಹೋಗಿ ದಂಡೆಯಲ್ಲಿ ಗುಡಾರ ಹಾಕುವುದೆಂದು ಗಾದಿಲಿಂಗಪ್ಪ ನಿಶ್ಚಯಿಸಿದ್ದರು. ಅದಕ್ಕೆಂದೇ ಬಳ್ಳಾರಿಯಲ್ಲಿ ಹೇಳಿ, ಜೀಪಿನ ಹಿಂದೆ ಕಟ್ಟುವ ಪುಟ್ಟ ಟ್ರೇಲರ್ ಮಾಡಿಸಿ ತಂದಿದ್ದರು.

ಎಲ್ಲರಿಗಿಂತ ಹೆಚ್ಚು ಸಡಗರ ಅವರ ಹೆಂಡತಿ ಗುರುಬಸಮ್ಮನಿಗೆ. ಅದರ ಕಾರಣ ಗಂಡನ ಹೊರತು ಯಾರಿಗೂ ಗೊತ್ತಿರಲಿಲ್ಲ. ಆಕೆಗೆ ಸೈಕಲ್ ಕಲಿಯಬೇಕಿತ್ತು. ಮದುವೆಯಾದ ಹೊಸದರಲ್ಲಿ ಗಂಡನ ಸೈಕಲ್ಲಿನ ಹಿಂದೆ ಕೂತು ತಿರುಗಿದಾಗಲೇ, ಒಮ್ಮೆ ತಾನೂ ಹ್ಯಾಂಡಲ್ ಹಿಡಿಯಬೇಕು ಎಂಬ ಆಸೆ ಹುಟ್ಟಿತ್ತು. ಈಗ ಮೊಮ್ಮಕ್ಕಳನ್ನು ಕಂಡ ವಯಸ್ಸು. ಊರ ಬೀದಿಯಲ್ಲಿ ಹತ್ತಿ ಬಿದ್ದರೆ ಓಣಿಯೆಲ್ಲ ನಗುತ್ತದೆ. ಹೊಳೆ ದಂಡೆಯ ಬಯಲಲ್ಲಿ ಬಿದ್ದರೆ ನೋಡುವುದಕ್ಕೆ ಕೊಕ್ಕರೆ ಬಿಟ್ಟು ಯಾರಿದ್ದಾರೆ? ಗಾದಿಲಿಂಗಪ್ಪ ಆಕೆಗೆಂದು ಒಂದು ಲೇಡೀಸ್ ಸೈಕಲ್ ತಂದಿದ್ದರು. ಜೊತೆಗೆ ತಮ್ಮ ಹಳೇ ಎತ್ತರದ ಸೈಕಲ್ಲೂ ಹೊರಟಿತ್ತು.

ಟ್ರೇಲರ್ ತುಂಬುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಮೊದಲು ಭತ್ತದ ಹುಲ್ಲು ಹರಡಿದರು. ಅದರ ಮೇಲೆ ಅಡುಗೆಮನೆಯ ದೊಡ್ಡ ಗ್ಯಾಸ್ ಸಿಲಿಂಡರನ್ನು ತಂದು ಮಲಗಿಸಿದರು. ರೆಗ್ಯುಲೇಟರ್ ಬಿಚ್ಚಲಿಲ್ಲ, ಒಲೆಯ ಪೈಪೂ ಬಿಚ್ಚಲಿಲ್ಲ. ಹೋದ ತಕ್ಷಣ ಒಲೆ ಹೊತ್ತಿಸಿ ಬಿಸಿ ಒಗ್ಗಾಣಿ, ಮಿರ್ಚಿ ಮಾಡಿಸಿಕೊಳ್ಳುವ ಆತುರ. ಬಿಸಿಲು ತಾಗದಿರಲೆಂದು ಹಸಿ ಗೋಣಿಚೀಲ ಸುತ್ತಿ, ಅಂಗಡಿಯಲ್ಲಿ ಬಟ್ಟೆಯ ಮೂಟೆ ಕಟ್ಟುವಂತೆ ಹಗ್ಗವನ್ನು ಸಿಲಿಂಡರಿನ ಕುತ್ತಿಗೆಗೆ ಸುತ್ತಿ ಬಿಗಿದರು. ಸೈಕಲ್ ಎರಡನ್ನೂ ಟ್ರೇಲರಿನ ಹಿಂಬದಿಗೆ ನೇತುಹಾಕಿ ಕಟ್ಟಿದರು. ನಂಬರ್ ಪ್ಲೇಟು, ಕೆಂಪು ದೀಪ ಎರಡೂ ಚಕ್ರಗಳ ಹಿಂದೆ ಮರೆಯಾದವು.

"ಹೆಂಗೈತಿ?" ಎಂದು ಮೀಸೆ ತಿರುವಿದರು.

ಹಬ್ಬಕ್ಕೆ ಬಂದಿದ್ದ ಅರುಣಾ ಚಹಾ ಲೋಟ ಹಿಡಿದು ಹೊರಗೆ ಬಂದಳು. ಆಕೆ ಗುರುಬಸಮ್ಮನ ಅಣ್ಣನ ಮಗಳು. ಸಿರುಗುಪ್ಪದ ಗ್ಯಾಸ್ ಏಜೆನ್ಸಿಯೊಂದರಲ್ಲಿ ಕೆಲಸ. ಮನೆಮನೆಗೆ ಹೋಗಿ ಒಲೆ, ಪೈಪು ಪರೀಕ್ಷೆ ಮಾಡುವುದು, ಮಹಿಳಾ ಸಂಘಗಳಲ್ಲಿ ಸುರಕ್ಷತೆಯ ಪಾಠ ಹೇಳುವುದು ಆಕೆಯ ದಿನದ ಕೆಲಸ.

"ಮಾವ, ಇದೇನ್ರೀ? ಸಿಲಿಂಡರ್‌ಗೆ ಬಾಣಂತನ ಮಾಡೀರೇನು? ಹಾಸಿ, ಹೊದಿಸಿ ಮಲಗಿಸೀರಿ!"

"ನಗಬ್ಯಾಡ ಹುಡುಗಿ. ನಿಂದರಿಸಿದ್ರ ಉರುಳತೈತಿ. ಮಲಗಿಸಿದ್ರ ಗಪ್ ಚಿಪ್ ಇರತೈತಿ."

"ಮಲಗಿಸಿದ್ರ ಒಳಗ ನೀರಿನಂಗ ಇರೋ ಗ್ಯಾಸು ಬಾಯಿಗೆ ಬಂದು ನಿಲ್ಲತೈತಿ ಮಾವ. ಒಂಚೂರು ಸಡಿಲಾದ್ರೂ ಬಾಳ ಸೋರತೈತಿ. ಗ್ಯಾಸು ಗಾಳಿಗಿಂತ ಭಾರ, ಮ್ಯಾಲ ಹಾರಿ ಹೋಗಂಗಿಲ್ಲ. ಕೆಳಗ ಈ ಹುಲ್ಲಿನಾಗ ಕುಂತುಬಿಡತೈತಿ. ಮ್ಯಾಲ ತಾಡಪತ್ರಿ ಬ್ಯಾರೆ ಬಿಗೀತೀರಿ. ಆಮ್ಯಾಲ ಒಂದು ಕಿಡಿ ಸಾಕು."

"ಮೂವತ್ತು ವರ್ಷದಿಂದ ಮೂಟಿ ಕಟ್ಟೀನಿ ನಾನು. ನನ್ನ ಗಂಟು ಬಿಚ್ಚಿದ್ದು ಒಂದು ತೋರಸು."

"ನಿಮ್ಮ ಗಂಟು ಗಟ್ಟಿನೇ ಐತಿ. ಅದಕ್ಕೇ ಹೆದರಿಕಿ. ಕುತ್ತಿಗಿಗೆ ಬಿಗದೀರಲ್ಲ, ಗಾಡಿ ಕುಣಿದಂಗೆಲ್ಲ ಹಗ್ಗ ರೆಗ್ಯುಲೇಟರ್ ಜಗ್ಗತೈತಿ."

ಗಾದಿಲಿಂಗಪ್ಪ ಹೆಂಡತಿಯ ಕಡೆ ತಿರುಗಿದರು. "ಹಂಗಾರ ಹಿಂಗ ಮಾಡೋಣು. ಗುರು, ನೀ ಹಿಂದ ಕೌದಿ ಮ್ಯಾಲ ಕುಂತು ಸಿಲಿಂಡರ್ ಹಿಡಕೋ. ಅಲ್ಲಾಡಂಗಿಲ್ಲ."

ಗುರುಬಸಮ್ಮ ಹೂಂ ಅಂದೇಬಿಟ್ಟಳು. ಅರುಣಾ ಹೇಳಿದ್ದು ಆಕೆಗೆ ಸರಿಯೆನಿಸಿತ್ತು. ಆದರೆ ಈ ಮನುಷ್ಯ ಒಮ್ಮೆ ಮುನಿಸಿಕೊಂಡರೆ ಜೀಪಿನ ಕೀಲಿ ತೆಗೆದು ಗೂಟಕ್ಕೆ ಹಾಕುತ್ತಾರೆ. ಆಮೇಲೆ ಹೊಳೆಯೂ ಇಲ್ಲ, ಸೈಕಲ್ಲೂ ಇಲ್ಲ. ಸೀರೆಯ ನೆರಿಗೆ ಎತ್ತಿ ಟ್ರೇಲರ್ ಹತ್ತಲು ಹೋದಳು.

ಅರುಣಾ ಅತ್ತೆಯ ಕೈ ಹಿಡಿದಳು. "ಅತ್ತಿ ಅಲ್ಲಿ ಕುಂತ್ರ ನಾ ಬರಂಗಿಲ್ಲ. ಟ್ರೇಲರ್ ಸಾಮಾನಿಗೆ ಐತಿ, ಮನಷ್ಯಾರಿಗೆ ಅಲ್ಲ."

"ಆತು ಮಾರಾಯ್ತಿ, ಮುಂದೇ ಕುಂದ್ರಲಿ," ಎಂದು ಗಾದಿಲಿಂಗಪ್ಪ ಗೊಣಗಿದರು. ಸಿಲಿಂಡರ್ ಮಾತ್ರ ಮಲಗಿದಲ್ಲೇ ಮಲಗಿತ್ತು. ಜೀಪು ಹೊರಟಿತು.

ಬಾದನಹಟ್ಟಿ ಹತ್ತಿರ ಬರುವತನಕ ಎಲ್ಲ ಚೆನ್ನಾಗಿತ್ತು. ರಸ್ತೆ ಖಾಲಿ ಸಿಕ್ಕಿತೆಂದು ಗಾದಿಲಿಂಗಪ್ಪ ಸ್ವಲ್ಪ ಜೋರಾಗಿ ಬಿಟ್ಟರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಜಗ್ಗಿದಂತಾಯಿತು. ಟ್ರೇಲರ್ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಜೀಪಿನ ಬಾಲವನ್ನೂ ಎಳೆದಾಡತೊಡಗಿತು.

"ಏನಾತಲೇ ಇದಕ್ಕ!" ಎನ್ನುತ್ತ ಅವರು ಬ್ರೇಕಿನ ಮೇಲೆ ಕಾಲಿಡಲು ಹೋದರು.

"ಜೋರಾಗಿ ಬ್ರೇಕ್ ಹಾಕಬ್ಯಾಡ್ರಿ ಮಾವ! ಸ್ಟೇರಿಂಗ್ ನೆಟ್ಟಗ ಹಿಡೀರಿ, ಎಕ್ಸಲರೇಟರ್ ಮ್ಯಾಲಿಂದ ಕಾಲು ತೆಗೀರಿ, ತಾನೇ ನಿಧಾನ ಆಗ್ಲಿ," ಎಂದು ಅರುಣಾ ಕೂಗಿದಳು.

ಜೀಪು ನಿಧಾನವಾಗಿ ರಸ್ತೆಬದಿಗೆ ಬಂದು ನಿಂತಿತು. ಗುರುಬಸಮ್ಮ ಕೆಳಗಿಳಿದಳು. ಎರಡು ಹೆಜ್ಜೆ ಹಿಂದಕ್ಕೆ ಹೋದವಳ ಮೂಗಿಗೆ ವಾಸನೆ ಬಡಿಯಿತು. ಅಡುಗೆಮನೆಯ ಹೆಂಗಸಿಗೆ ಅದು ಯಾವುದೆಂದು ಯಾರೂ ಹೇಳಿಕೊಡಬೇಕಿಲ್ಲ.

"ಗ್ಯಾಸು!" ಎಂದಳು. "ರೀ, ಇಂಜಿನ್ ಬಂದ್ ಮಾಡ್ರಿ. ಇಳೀರಿ ಮೊದ್ಲು!"

ಅರುಣಾ ಇಬ್ಬರನ್ನೂ ಗಾಳಿ ಬೀಸಿ ಬರುವ ಕಡೆಗೆ ದೂರ ಕಳಿಸಿದಳು. ಬೈಕಿನಲ್ಲಿ ಬೀಡಿ ಸೇದುತ್ತ ಬಂದವನನ್ನು ಕೈ ಬೀಸಿ ದೂರದಲ್ಲೇ ನಿಲ್ಲಿಸಿದಳು. ಫೋನ್ ಮಾಡಲು ಹೊರಟ ಮಾವನಿಗೆ, "ಇಲ್ಲಿ ಮುಟ್ಟಬ್ಯಾಡ್ರಿ, ಆ ಮರದತ್ರ ಹೋಗಿ ಮಾಡ್ರಿ," ಎಂದಳು. ತಾಡಪತ್ರಿಯ ಒಂದು ಬದಿ ಸರಿಸಿ ಗಾಳಿಯಾಡಲು ಬಿಟ್ಟಳು. ವಾಸನೆ ಕಡಿಮೆಯಾದ ಮೇಲೆ, ಕೆಲಸ ಕಲಿತ ಕೈ ಆದ್ದರಿಂದ ತಾನೊಬ್ಬಳೇ ಹತ್ತಿರ ಹೋಗಿ ರೆಗ್ಯುಲೇಟರ್ ಬಂದ್ ಮಾಡಿ ಬಿಚ್ಚಿ, ಸಿಲಿಂಡರಿನ ಬಾಯಿಗೆ ಮುಚ್ಚಳ ಒತ್ತಿದಳು. ಹಗ್ಗದ ಜಗ್ಗಾಟಕ್ಕೆ ರೆಗ್ಯುಲೇಟರ್ ಓರೆಯಾಗಿತ್ತು.

ಆಮೇಲೆ ಗಾದಿಲಿಂಗಪ್ಪ ಬಂದು ಟ್ರೇಲರಿನೊಳಗೆ ಇಣುಕಿದರು. ಹಳೇ ಸೈಕಲ್ಲಿನ ಹ್ಯಾಂಡಲ್ ಹಗ್ಗ ಜಾರಿಸಿಕೊಂಡು ಒಳಗೆ ಬಿದ್ದಿತ್ತು. ಅದರ ತುದಿ ಕೌದಿಯೊಳಕ್ಕೆ ಗುದ್ದಿಕೊಂಡು ನಿಂತಿತ್ತು. ಹೆಂಡತಿಗೆ ಕೂರಲು ಹೇಳಿದ ಜಾಗ ಅದೇ.

ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಕೊನೆಗೆ, "ನಡೀರಿ, ಮನಿಗೆ ಹೋಗೋಣು. ನನಗ ಹೊಳಿನೂ ಬ್ಯಾಡ, ಏನೂ ಬ್ಯಾಡ," ಎಂದರು.

ಗುರುಬಸಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಯಾಕ ಹೋಗೋಣು? ನಾ ಸೈಕಲ್ ಕಲಿಯಾಕ ಹೊಂಟೀನಿ, ಸಾಯಾಕ ಅಲ್ಲ. ಸರಿಯಾಗಿ ಕಟ್ರಿ, ಹೋಗೋಣು. ಮುಂಜಾನೆ ನಾನೇ ಬಾಯಿ ಬಿಡಬೇಕಿತ್ತು. ನೀವು ಸಿಟ್ಟಾಗ್ತೀರಿ ಅಂತ ಸುಮ್ಮನಿದ್ದೆ. ಇನ್ನ ಸುಮ್ಮನಿರಂಗಿಲ್ಲ."

ಅರುಣಾ ಬಾಯಿ ತೆರೆದು ನಿಂತಳು. "ಅತ್ತಿ! ಸೈಕಲ್ ನಿನಗೇನು?"

"ಹೂಂ, ನನಗ. ನಕ್ಕರ ಹಲ್ಲು ಮುರೀತೀನಿ."

ಆ ಮಾತಿಗೆ ಗಾದಿಲಿಂಗಪ್ಪನವರ ಮುಖದಲ್ಲೂ ನಗೆ ಬಂತು. "ಅಲ್ಲ, ಟ್ರೇಲರ್ ಹಂಗ್ಯಾಕ ಕುಣೀತು? ಹೊಸಾದು ಅದು," ಎಂದು ತಲೆ ಕೆರೆದರು.

"ಒಕ್ಕಲುತನದ ಮನ್ಯಾಗ ಹುಟ್ಟಿದ್ರ ಗೊತ್ತಾಗ್ತಿತ್ತು," ಎಂದಳು ಗುರುಬಸಮ್ಮ. "ಹುಲ್ಲಿನ ಬಂಡಿಗೆ ಹಿಂದ ಭಾರ ಹೆಚ್ಚಾದ್ರ ನೊಗ ಮ್ಯಾಲ ಏಳತೈತಿ, ಎತ್ತಿಗೆ ಹಿಡಿತ ಇರಂಗಿಲ್ಲ. ನೀವು ಎರಡೂ ಸೈಕಲ್ ಬಾಲಕ್ಕ ಕಟ್ಟೀರಿ. ಕುಣೀಲಾರದ ಏನು ಮಾಡತೈತಿ?"

"ಅತ್ತಿ ಹೇಳಿದ್ದು ಖರೇ," ಎಂದಳು ಅರುಣಾ. "ಭಾರ ಚಕ್ರದ ಮ್ಯಾಲ ಬರಬೇಕು, ಸ್ವಲ್ಪ ಮುಂದಕ್ಕಿದ್ರ ಇನ್ನೂ ಚಲೋ. ಅಂದಂಗ ಮಾವ, ಮುಂದ ಜೀಪಿಗೆ ಸಿಗಿಸೋ ಕೊಂಡಿ ಹತ್ರ ಕಬ್ಬಿಣದ ದುಂಡನ ಬಳೆ ಐತಲ್ಲ, ಅದರಾಗ ನೀರಿನ ಬಿಂದಿಗಿ ಯಾಕ ಇಟ್ಟೀರಿ?"

"ವೆಲ್ಡಿಂಗ್‌ನವ ಸಣ್ಣ ಸಿಲಿಂಡರ್ ನಿಂದರಸಾಕ ಅಂತ ಮಾಡಿದ್ದ. ನಮ್ಮ ದೊಡ್ಡದು ಅದರಾಗ ಹಿಡೀಲಿಲ್ಲ. ಬಿಂದಿಗಿ ಹಿಡೀತು, ಇಟ್ಟೆ."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿ ಬಿದ್ದು ಬಿದ್ದು ನಕ್ಕರು.

ಅರುಣಾ ಫೋನ್ ಮಾಡಿದ್ದಕ್ಕೆ ಏಜೆನ್ಸಿಯ ಗಾಡಿ ಬಂತು. ದೊಡ್ಡ ಸಿಲಿಂಡರನ್ನು ಪರೀಕ್ಷೆಗೆಂದು ಒಯ್ದು, ಐದು ಕೆ.ಜಿ.ಯ ಸಣ್ಣ ಸಿಲಿಂಡರ್ ಕೊಟ್ಟಿತು. "ಮನಿ ಸಿಲಿಂಡರ್ ಮನಿಗೇ ಇರ್ಲಿ. ಹೊರಗಿನ ಅಡಿಗಿಗೆ ಇದು," ಎಂದಳು ಅರುಣಾ. ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ನೋಡಿಕೊಂಡರು. ಮುಚ್ಚಳ ಹಾಕಿ, ಟ್ರೇಲರಿನ ಹೊರಗೆ, ಗಾಳಿಯಾಡುವ ಆ ಬಳೆಯಲ್ಲಿ ನೆಟ್ಟಗೆ ನಿಲ್ಲಿಸಿದರು. ಕುತ್ತಿಗೆಗಲ್ಲ, ಹೊಟ್ಟೆಗೆ ಪಟ್ಟಿ ಬಿಗಿದರು. ಒಲೆ, ಪೈಪು, ರೆಗ್ಯುಲೇಟರ್ ಬೇರೆ ಚೀಲ ಸೇರಿದವು. ಹುಲ್ಲನ್ನು ಅಲ್ಲೇ ಮೇಯುತ್ತಿದ್ದ ಎಮ್ಮೆಗೆ ಹಾಕಿದರು.

ಸೈಕಲ್ ಕಟ್ಟುವ ಸರದಿ ಬಂದಾಗ ಗಾದಿಲಿಂಗಪ್ಪ ತೋಳು ಏರಿಸಿದರು. ಟ್ರೇಲರಿನ ನಡುವೆ ಎರಡನ್ನೂ ನೆಟ್ಟಗೆ ನಿಲ್ಲಿಸಿ, ಒಂದರ ಮುಖ ಅತ್ತ, ಒಂದರ ಮುಖ ಇತ್ತ ಮಾಡಿ, ನಡುವೆ ಗೋಣಿ ಇಟ್ಟು, ಕಬ್ಬಿಣದ ಚೌಕಟ್ಟಿಗೆ ಎರಡೂ ಕಡೆಯಿಂದ ಕಟ್ಟಿದರು. ಚಕ್ರ ತಿರುಗದಂತೆ ಅದಕ್ಕೂ ಒಂದು ಗಂಟು. ಅಲ್ಲಾಡಿಸಿ ನೋಡಿದರೆ ಟ್ರೇಲರ್ ಅಲ್ಲಾಡಿತು, ಸೈಕಲ್ ಅಲ್ಲಾಡಲಿಲ್ಲ.

"ಈಗ ನಿಮ್ಮ ಗಂಟಿಗೆ ಶರಣು ಮಾವ," ಎಂದಳು ಅರುಣಾ.

ಸ್ವಲ್ಪ ದೂರ ಹೋದ ಮೇಲೆ ಗಾದಿಲಿಂಗಪ್ಪ ತಾವಾಗಿಯೇ ಜೀಪು ನಿಲ್ಲಿಸಿ, ಇಳಿದು, ಪ್ರತಿ ಗಂಟನ್ನೂ ಜಗ್ಗಿ ನೋಡಿ ಬಂದರು. ಸಿರುಗುಪ್ಪದಲ್ಲಿ ಚಹಾಕ್ಕೆ ನಿಂತಾಗಲೂ ನೋಡಿದರು.

ಮರುದಿನ ಹೊಳೆಯಲ್ಲಿ ಮಿಂದು ಬಂದ ಮೇಲೆ ಗುರುಬಸಮ್ಮ ಸೈಕಲ್ ಹತ್ತಿದಳು. ಮೊದಲ ಸಲ ಬಿದ್ದಳು. ಎರಡನೇ ಸಲ ಗಂಡನನ್ನೂ ಕೆಡವಿಕೊಂಡು ಬಿದ್ದಳು. "ಲೇ, ನನ್ನ ಮ್ಯಾಲಿನ ಸಿಟ್ಟು ಹಿಂಗ ತೀರಿಸ್ತೀಯೇನು!" ಎಂದು ಅವರು ಮರಳು ಝಾಡಿಸುತ್ತ ಎದ್ದರು. ಮತ್ತೆ ಹಿಂದಿನ ಕ್ಯಾರಿಯರ್ ಹಿಡಿದು ಓಡಿದರು. ಏದುಸಿರು ಬಿಡುತ್ತ ಓಡುತ್ತಿದ್ದ ಅವರ ಕೈಯಿಂದ ಒಂದು ಕ್ಷಣದಲ್ಲಿ ಕ್ಯಾರಿಯರ್ ಜಾರಿತು. ಸೈಕಲ್ ನಿಲ್ಲಲಿಲ್ಲ. ಗುರುಬಸಮ್ಮ ಬೆಲ್ಲು ಬಾರಿಸುತ್ತ ಬಯಲಿನ ಆ ತುದಿಗೆ ಹೋಗುತ್ತಲೇ ಇದ್ದಳು. ಇಳಿಯುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಗಾದಿಲಿಂಗಪ್ಪ ಅದನ್ನು ಕೂಗಿ ಹೇಳುತ್ತ ಹಿಂದೆ ಓಡಿದರು.

ಅಕ್ಕಂದಿರೇ, ಅಣ್ಣಂದಿರೇ, ಹೊಳೆಗೋ ಹೊಲಕ್ಕೋ ನೀವೂ ಹೀಗೆ ಸಾಮಾನು ತುಂಬಿಕೊಂಡು ಹೊರಡುತ್ತೀರಿ. ಗ್ಯಾಸ್ ಸಿಲಿಂಡರ್ ಸಣ್ಣದೇ ಒಯ್ಯಿರಿ. ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಗಾಳಿಯಾಡುವಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಿರಿ. ಸೈಕಲ್ಲುಗಳು ಅದಕ್ಕೆ ತಾಗದಿರಲಿ, ಹಿಂದಿನ ದೀಪ ಮತ್ತು ನಂಬರ್ ಮುಚ್ಚದಿರಲಿ, ಹಿಂಬದಿಗೆ ಭಾರ ಬೀಳದಿರಲಿ. ದಾರಿಯಲ್ಲಿ ಒಮ್ಮೆ ಇಳಿದು ಗಂಟು ನೋಡಿರಿ. ವಾಸನೆ ಬಂದರೆ ನೀವೇ ರಿಪೇರಿಗೆ ಇಳಿಯಬೇಡಿ. ಬೆಂಕಿ, ಬೀಡಿ, ಸ್ವಿಚ್ಚು ಯಾವುದೂ ಬೇಡ. ಎಲ್ಲರನ್ನೂ ದೂರ ಕರೆದೊಯ್ದು, ದೂರದಿಂದಲೇ 1906ಕ್ಕೆ ಫೋನ್ ಮಾಡಿರಿ. ಟ್ರೇಲರಿನಲ್ಲಿ ಮಾತ್ರ ಯಾರನ್ನೂ ಕೂರಿಸಬೇಡಿ. ಸಿಲಿಂಡರ್ ಹಿಡಿದುಕೊಳ್ಳಲು ಒಂದು ಪಟ್ಟಿ ಸಾಕು. ಅದಕ್ಕೆ ನಿಮ್ಮ ಮನೆಯವರ ಜೀವ ಬೇಕಾಗಿಲ್ಲ.