ತೊಲೆಯ ಮೇಲಿದ್ದ ಇಪ್ಪತ್ತೆರಡು ಹಾಳೆ

ನಮ್ಮ ಕೇರಿಯಲ್ಲಿ ಉಪ್ಪಿನಕಾಯಿಯ ಮೂಲಂಗಿಗೆ ಹೊಗೆ ಕೊಡುವ ಗುಡಿಸಲು ಒಂದೇ. ಮೂರು ಮನೆಗಳಿಗೆ ಸೇರಿದ್ದು. ಒಳಗೆ ಮೂರು ತೊಲೆ. ಕೆಳಗಿನ ಬೆಂಕಿ ಎಲ್ಲರದು, ಮೇಲಿನ ತೊಲೆ ಅವರವರದು. ಇನ್ನೊಬ್ಬರ ತೊಲೆಗೆ ಕೈ ಹಾಕುವುದು, ಹೇಳದೆ ಕೇಳದೆ ಅವರ ಅಡುಗೆಮನೆ ಹೊಕ್ಕು ಗಡಿಗೆಯ ಮುಚ್ಚಳ ತೆಗೆದಷ್ಟೇ ಕೆಟ್ಟದ್ದು. ಮೊದಲ ಹಿಮ ಬೀಳುವ ಮುಂಚೆ ಮೂಲಂಗಿಗಳನ್ನು ಹುಲ್ಲುಹಗ್ಗದಲ್ಲಿ ಹೆಣೆದು ತೂಗುಹಾಕಿ, ನಾಲ್ಕು ದಿನ ಸೌದೆಯ ಬೆಂಕಿ ಆರದಂತೆ ಸರದಿಯಲ್ಲಿ ಕಾಯುತ್ತೇವೆ.

ಈ ವರ್ಷ ಪಕ್ಕದ ಮನೆಯ ಕಿಯೊಹಿಕೊನ ಬೆನ್ನು ಹಿಡಿದುಕೊಂಡಿತ್ತು. ಅವನ ಪಾಲಿನ ಮೂಲಂಗಿ ಗುಡಿಸಲ ಬಾಗಿಲಲ್ಲೇ ರಾಶಿ ಬಿದ್ದಿತ್ತು.

“ತಾಜುಕೊ, ಅವನದ್ದೂ ನೀನೇ ಕಟ್ಟಿಬಿಡೆ,” ಎಂದಳು ಮೂರನೆಯ ಮನೆಯ ತೊಮೆ ಅಜ್ಜಿ, ಬೆಂಕಿಗೆ ಸೌದೆ ದೂಡುತ್ತ.

“ಅವನ ತೊಲೆ, ಅಜ್ಜಿ.”

“ತೊಲೆ ಏನು ಕಚ್ಚುತ್ತಾ? ನಾನು ಹೇಳ್ದೆ ಅಂತ ಹತ್ತು. ಲೋಕದಲ್ಲಿ ಕಳೆದುಹೋಗಿದ್ದನ್ನೆಲ್ಲ ಹುಡುಕಿಕೊಟ್ಟೋರು ನೀವಿಬ್ರು. ನನ್ನ ಕುಡುಗೋಲು ಮಾತ್ರ ಇವತ್ತಿಗೂ ಸಿಗಲಿಲ್ಲ!”

ಈ ಕುಡುಗೋಲಿನ ಮಾತು ಇಪ್ಪತ್ತು ವರ್ಷದ್ದು. ಕಿಯೊಹಿಕೊ ಕತೆ ಬರೆದು ನಾನು ಚಿತ್ರ ಬರೆದ ಮಾಂಗಾ ಚಿತ್ರಕತೆ ಟೋಕಿಯೊದ ಒಂದು ವಾರಪತ್ರಿಕೆಯಲ್ಲಿ ಹನ್ನೊಂದು ವರ್ಷ ನಡೆಯಿತು. ಅದರಲ್ಲಿ ಸುಗಿ, ರೊಕು ಎಂಬ ಇಬ್ಬರು ಜೊತೆಗಾರರು. ಕಳೆದ ವಸ್ತುವಿನ ಕೂಗು ಸುಗಿಯ ಮೂಳೆಗೆ ಕೇಳಿಸುತ್ತದೆ. ರೊಕು ಮುಟ್ಟಿದರೆ ಯಾವ ಬೀಗವಾದರೂ ತೆರೆಯುತ್ತದೆ. ಯಾರು ಏನು ಕಳೆದುಕೊಂಡರೂ ಇಬ್ಬರೂ ಹೋಗಿ ತಂದುಕೊಡುತ್ತಾರೆ.

ಕೊನೆಯ ಕಂತಿನಲ್ಲಿ, ಹೊಳೆ ಪಾಲಾದ ಮಗನ ಮರದ ಚಪ್ಪಲಿ ಬೇಕೆಂದು ಒಬ್ಬ ತಾಯಿ ಬರುತ್ತಾಳೆ. ಸುಗಿಗೆ ಯಾವ ಕೂಗೂ ಕೇಳಿಸುವುದಿಲ್ಲ. ಸುಗಿಯ ಮಾತಿನ ಗುಳ್ಳೆಯೊಳಗೆ ಪೆನ್ಸಿಲಿನಲ್ಲಿ ನಾನೇ ಬರೆದಿದ್ದೆ: ‘ಇದು ಸಿಗಲ್ಲ ಅಮ್ಮ. ಸುಳ್ಳು ಆಸೆ ನಾನು ಕೊಡಲ್ಲ.’ ನನ್ನ ತಮ್ಮನನ್ನು ಹೊಳೆ ಒಯ್ದ ಮೇಲೆ ಯಾರೋ ಆಸೆ ಕೊಟ್ಟರೆಂದು ನನ್ನ ತಾಯಿ ಸಾಯುವ ತನಕ ಬಾಗಿಲು ಹಾಕಿಕೊಳ್ಳದೆ ಕಾದವಳು. ಕಿಯೊಹಿಕೊನಿಗೆ ಅದು ಗೊತ್ತಿತ್ತು. ಓದಿ ತಲೆಯಾಡಿಸಿ, ಹಾಳೆಗಳನ್ನು ತಾನೇ ರೈಲಿನಲ್ಲಿ ಟೋಕಿಯೊಗೆ ಒಯ್ದ.

ಪತ್ರಿಕೆಯಲ್ಲಿ ಅಚ್ಚಾಗಿ ಬಂದದ್ದು: ‘ಸಿಗುತ್ತೆ ಅಮ್ಮ. ಮನೆಗೆ ಹೋಗಿ ಕಾಯ್ತಾ ಇರಿ.’

ತಿಂಗಳೊಳಗೆ, ಮಗಳನ್ನು ಕಳೆದುಕೊಂಡ ಒಬ್ಬ ಹೆಂಗಸು ನನಗೆ ಒಂದೇ ಸಾಲಿನ ಕಾಗದ ಬರೆದಳು: ‘ಇನ್ನೂ ಎಷ್ಟು ದಿನ ಕಾಯಬೇಕು, ಹೇಳಿ.’

ಸಂಪಾದಕ ಒನೊದೆರಾ ಅವರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಆ ಕಾಲದಲ್ಲಿ ನಮ್ಮ ಪೆನ್ಸಿಲ್ ಅಕ್ಷರದ ಮೇಲೆ ಅಚ್ಚಿನ ಅಕ್ಷರದ ಚೀಟಿ ಕತ್ತರಿಸಿ ಅಂಟಿಸುತ್ತಿದ್ದವರು ಅವರೇ. “ಹಾಳೆಯಲ್ಲಿ ಇದ್ದದ್ದನ್ನೇ ಅಂಟಿಸಿದ್ದೇನೆ. ಹಾಳೆಗಳು ವಾಪಸು ಬಂದಾಗ ನೀವೇ ನೋಡಿ,” ಎಂದರು. ಹಾಳೆಗಳು ಬರಲಿಲ್ಲ, ಕಳೆದುಹೋದವಂತೆ. ಕಳ್ಳ ಸಾಕ್ಷಿ ಮುಚ್ಚಿಹಾಕಿದ ಎಂದುಕೊಂಡೆ. ಫೆಬ್ರವರಿಯಲ್ಲಿ ಮೊಣಕಾಲುದ್ದದ ಹಿಮ ತುಳಿದು ಬಂದ ಆ ಮನುಷ್ಯ ನಮ್ಮ ಮನೆಯ ಹೊಸ್ತಿಲೊಳಗಿನ ಮಣ್ಣುನೆಲದಲ್ಲಿ ಮೊಣಕಾಲೂರಿ, ಹಣೆ ನೆಲಕ್ಕೆ ಹಚ್ಚಿ ಕ್ಷಮೆ ಕೇಳಿದರು. ನಾನು ಒಂದು ಲೋಟ ಚಹಾವನ್ನೂ ಕೊಡಲಿಲ್ಲ. ಮೂಲ ಹಾಳೆ ಕಳೆದ ತಪ್ಪಿಗೆ ಪತ್ರಿಕೆಯವರು ಅವರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ನಾನು ಕುಂಚ ಮುಟ್ಟುವುದನ್ನೇ ಬಿಟ್ಟೆ. ಹೋದ ವರ್ಷ ಅವರು ತೀರಿಕೊಂಡಾಗ ಸಾವಿನ ಮನೆಗೆ ಎಲ್ಲರೂ ಕೊಡುವಂತೆ ಊದುಬತ್ತಿಗೆಂದು ನಾಲ್ಕು ಕಾಸನ್ನೂ ಕಳಿಸಲಿಲ್ಲ.

ತೊಮೆ ಅಜ್ಜಿ ಹೇಳಿದಳೆಂದು ಏಣಿ ಹತ್ತಿದೆ. ಕಿಯೊಹಿಕೊನ ತೊಲೆಯ ಮೂಲೆಯಲ್ಲಿ, ಮಸಿ ಹಿಡಿದು ತೊಲೆಯ ಬಣ್ಣಕ್ಕೇ ತಿರುಗಿದ್ದ ಚಹಾದ ಪೆಟ್ಟಿಗೆ ಇತ್ತು. ಒಳಗೆ ತಗಡು ಹೊದಿಸಿದ್ದು. ಮೂಲಂಗಿ ಕಟ್ಟಲು ಅಡ್ಡವಾಗುತ್ತದೆಂದು ಕೆಳಗಿಳಿಸಿದೆ. ಮುಚ್ಚಳ ಸಡಿಲವಾಗಿತ್ತು, ಜಾರಿತು.

ಕೊನೆಯ ಕಂತಿನ ಇಪ್ಪತ್ತೆರಡು ಹಾಳೆ. ಹೊಗೆಗೆ ಅಂಚು ಕಂದಿದ್ದವು; ಒಂದು ಹುಳವೂ ಮುಟ್ಟಿರಲಿಲ್ಲ. ಆದರೆ ಹತ್ತೊಂಬತ್ತು ವರ್ಷದ ಹೊಗೆಯ ಬಿಸಿಗೆ ಅಂಟು ಒಣಗಿ, ಅಚ್ಚಿನ ಚೀಟಿಗಳೆಲ್ಲ ಮೀನಿನ ಹುರುಪೆಯ ಹಾಗೆ ಪೆಟ್ಟಿಗೆಯ ತಳಕ್ಕೆ ಉದುರಿದ್ದವು. ಕೊನೆಯ ಹಾಳೆಯ ಗುಳ್ಳೆಯಲ್ಲಿ ನನ್ನ ಅಕ್ಷರ ಹಾಗೆಯೇ ಇತ್ತು. ಅದರ ಮೇಲೆ ಒಂದೇ ಮೂಲೆಯಲ್ಲಿ ಹಿಡಿದು ನೇತಾಡುತ್ತಿದ್ದ ಬಿಳಿ ಚೀಟಿಯಲ್ಲಿ, ಎಡಕ್ಕೆ ವಾಲಿದ ಪೆನ್ಸಿಲ್ ಅಕ್ಷರ: ‘ಸಿಗುತ್ತೆ ಅಮ್ಮ.’ ಹನ್ನೊಂದು ವರ್ಷ ವಾರವಾರವೂ ಓದಿದ ಅಕ್ಷರ ಅದು.

ಒನೊದೆರಾ ಅಂಟಿಸಿದ್ದು ಹಾಳೆಯಲ್ಲಿ ಇದ್ದದ್ದನ್ನೇ.

ಕಿಯೊಹಿಕೊ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದ. ಪೆಟ್ಟಿಗೆ ನೋಡಿದ.

“ನನ್ನ ತೊಲೆಗೆ ಹತ್ತು ಅಂತ ಯಾರು ಹೇಳಿದ್ದು ನಿಂಗೆ?”

ಅವನ ಮೊದಲ ಮಾತು ಅದು. ಕೊನೆಯ ಹಾಳೆಯನ್ನು ಅವನ ಮುಖದ ಮುಂದೆ ಹಿಡಿದೆ.

“ಈ ಅಕ್ಷರ ಯಾರದು?”

“ತಾಜು, ಮೊದ್ಲು ಕೂತ್ಕೊ...”

“ಯಾರದು, ಬೊಗಳು!”

“ನಂದೇ.” ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. “ಹನ್ನೊಂದು ವರ್ಷ ಓದಿದ ಮಕ್ಕಳನ್ನ ಬರಿಗೈಯಲ್ಲಿ ಕಳಿಸೋಕೆ ಮನಸ್ಸಾಗ್ಲಿಲ್ಲ ಕಣೆ. ರೈಲಲ್ಲಿ ಬುತ್ತಿ ಬಿಚ್ಚಿದ್ದೆ. ಅನ್ನದ ಅಗುಳು ಅರೆದು ಅಂಟಿಸ್ದೆ. ನೀನು ಹಾಗೆ ಕೂಗಾಡಿದ ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ.”

“ಹಾಳೆ ಹೆಂಗೆ ಬಂತು?”

“ಅಚ್ಚಾದ ಮೇಲೆ ಇನ್ನೊಮ್ಮೆ ಟೋಕಿಯೊಗೆ ಹೋಗಿದ್ದೆ. ಒನೊದೆರಾ ಊಟಕ್ಕೆ ಎದ್ದು ಹೋಗಿದ್ರು. ಲಕೋಟೆ ಮೇಜಿನ ಮೇಲಿತ್ತು.”

“ಅಂದ್ರೆ ಕದ್ದೆ.”

“ಸುಡಬೇಕು ಅಂತ ನಾಲ್ಕು ಸಲ ಒಲೆ ಹತ್ರ ಹೋದೆ. ನಿನ್ನ ಚಿತ್ರ... ಕೈ ಬರ್ಲಿಲ್ಲ.”

“ಆ ಮನುಷ್ಯನ್ನ ಸುಡೋಕೆ ಕೈ ಬಂತಲ್ಲ! ನಾನು ಅವರನ್ನ ಕಳ್ಳ ಅಂತ ಬೈತಿದ್ರೆ ಪಕ್ಕದಲ್ಲೇ ನಿಂತು ಕೇಳಿಸ್ಕೊಂಡೆ. ಪ್ರತಿ ವರ್ಷ ಇದರ ಕೆಳಗೇ ಕೂರಿಸ್ಕೊಂಡು ನನ್ನ ಜೊತೆ ಚಹಾ ಕುಡಿದೆ. ಹತ್ತೊಂಬತ್ತು ವರ್ಷ ಕಣೋ!”

ತೊಮೆ ಅಜ್ಜಿ ಸೌದೆ ಕೆಳಗಿಟ್ಟು, “ಥೂ. ನನ್ನ ಕುಡುಗೋಲೂ ಇವನ ಹತ್ರವೇ ಇರಬೇಕು,” ಎಂದಳು. ಯಾರೂ ನಗಲಿಲ್ಲ.

ಆ ಬಿಳಿ ಚೀಟಿಯನ್ನು ಬೆಂಕಿಗೆ ಹಾಕಲು ಕೈ ಚಾಚಿದ್ದೆ. ಹಿಂದಕ್ಕೆ ಎಳೆದುಕೊಂಡೆ. ಅದನ್ನು ನೋಡಬೇಕಾದ ಒಂದು ಜೀವ ಇನ್ನೂ ಇತ್ತು: ಒನೊದೆರಾ ಅವರ ಹೆಂಡತಿ. ಚೀಟಿಯನ್ನು ಹಾಳೆಯ ನಡುವೆ ಇಟ್ಟು ಮುಚ್ಚಳ ಹಾಕಿದೆ.

“ನಾಳೆ ಬೆಳಿಗ್ಗೆ ಮೊದಲ ಬಸ್ಸು. ಪೆಟ್ಟಿಗೆ ನೀನೇ ಹೊರಬೇಕು.”

“ತಾಜು, ನನ್ನ ಬೆನ್ನು...”

“ಒನೊದೆರಾ ಅವರಿಗೂ ಇತ್ತು ಬೆನ್ನು. ಬಗ್ಗಿಸಿದ್ರು.”

ನಾಲ್ಕು ದಿನದ ಬೆಂಕಿಯನ್ನು ತೊಮೆ ಅಜ್ಜಿ ಒಬ್ಬಳೇ ಕಾಯುತ್ತೇನೆಂದಳು. ಕಿಯೊಹಿಕೊನ ಮೂಲಂಗಿಯನ್ನು ಅವನ ತೊಲೆಗೆ ಕಟ್ಟಿ ಮುಗಿಸಿಯೇ ಮನೆಗೆ ಹೋದೆ. ಮೂಲಂಗಿ ಯಾವ ತಪ್ಪೂ ಮಾಡಿರಲಿಲ್ಲ.

ಬಸ್ಸಿನಲ್ಲಿ ಅವನು ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತ. ಕಣಿವೆ ದಾಟಿದ ಮೇಲೆ ತಿರುಗದೆಯೇ ಕೇಳಿದ.

“ಅವರ ಹೆಂಡ್ತಿ ಬಾಗಿಲೇ ತೆಗೀದಿದ್ರೆ?”

“ಹೊರಗೆ ಮೊಣಕಾಲೂರು.”

“ಇಬ್ರೂ ಒಟ್ಟಿಗೆ ಹೇಳೋಣ್ವಾ?”

“ನನ್ನ ಪಕ್ಕದಲ್ಲಿ ಕೂರ್ಬೇಡ,” ಎಂದೆ. “ಕದ್ದಿದ್ದು ನೀನು ಹೇಳು. ಅವತ್ತು ಅವರಿಗೆ ಕೊಡದ ಚಹಾದ್ದು ನಾನೊಬ್ಳೇ ಹೇಳ್ಬೇಕು.”